ಚೌರಪ್ಪನ ಪಾಪ ಹೊತ್ತ ಉಮೇಶ

ಅಬ್ಬಿಗೆರೆಯ ಚೌರಪ್ಪನಷ್ಟು ಶ್ರದ್ಧೆಯಿಂದ ಪಶ್ಚಾತ್ತಾಪ ಪಡುವವರನ್ನು ನಾನು ಕಂಡಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ, ಚಪ್ಪಲಿ ಮೆಟ್ಟುವುದಿಲ್ಲ. ಶುಭ ಶುಕ್ರವಾರ ಚರ್ಚಿನವರು ಬೀದಿಯಲ್ಲಿ ನಡೆಸುವ ಶಿಲುಬೆ ಹಾದಿಯಲ್ಲಿ ಮರದ ಶಿಲುಬೆ ಹೊರುವವನೂ ಅವನೇ. ಸ್ವಲ್ಪ ಹಗುರವಾದದ್ದು ಮಾಡಿಸೋಣ ಎಂದವರ ಜೊತೆ ಎರಡು ವಾರ ಮಾತು ಬಿಟ್ಟಿದ್ದ. ಹೆಗಲು ಬಾತುಕೊಳ್ಳದಿದ್ದರೆ ಪಾಪ ಇಳಿಯುವುದಾದರೂ ಹೇಗೆ?

ಜಲಮಂಡಳಿಯಲ್ಲಿ ಅವನ ಕೆಲಸ ನೀರು ಬಿಡುವುದು. ಮೂವತ್ತು ವರ್ಷದಿಂದ ಉದ್ದನೆಯ ಕಬ್ಬಿಣದ ಕೀ ಹಿಡಿದು ಬೀದಿಬೀದಿಯ ವಾಲ್ವ್ ತಿರುಗಿಸುತ್ತಿದ್ದಾನೆ. ಹಾಗಾಗಿ ಊರಲ್ಲಿ ಪಾದ್ರಿಗಳಿಗಿಂತ ಅವನಿಗೇ ನಮಸ್ಕಾರ ಹೆಚ್ಚು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಟ್ಯಾಂಕಿಗೆ ನೀರು ಬಿಟ್ಟವನು, ವಾಲ್ವ್ ಮುಚ್ಚುವುದನ್ನು ಮರೆತು ಚರ್ಚಿನ ಬಲಿಪೂಜೆಗೆ ಹೋದ. ಮುಂದಿನ ಬೆಂಚು ಸಿಗಬೇಕಲ್ಲ. ಟ್ಯಾಂಕು ಉಕ್ಕಿ ಕೆಳಗಿನ ಬೀದಿಗೆ ನೀರು ನುಗ್ಗಿತು. ಮುನಿಕೃಷ್ಣಮ್ಮನ ಮಣ್ಣಿನ ಗೋಡೆ ಕುಸಿದು ಆಕೆಯ ಕಾಲು ಮುರಿಯಿತು. ಯಾರ ಡ್ಯೂಟಿ ಎಂದು ಇಂಜಿನಿಯರ್ ಕೇಳಿದಾಗ ಚೌರಪ್ಪ, "ಉಮೇಶಂದು ಸಾರ್" ಎಂದ. ಉಮೇಶ ಅವನ ಕೈಕೆಳಗಿನ ಗುತ್ತಿಗೆ ಕೆಲಸಗಾರ. ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಚೌರಪ್ಪ ಚಪ್ಪಲಿ ಬಿಟ್ಟದ್ದು ಆ ವರ್ಷದಿಂದಲೇ.

ವರ್ಷವರ್ಷವೂ ಪಾದ್ರಿಗಳ ಬಳಿ ಪಾಪನಿವೇದನೆ ಮಾಡುತ್ತಿದ್ದ: ಸಿಟ್ಟು, ಸುಳ್ಳು, ಆಗಾಗ ಕುಡಿತ. 'ಸುಳ್ಳು' ಎಂಬ ಒಂದು ಮಾತಿನೊಳಗೆ ಉಮೇಶನನ್ನು ಅಚ್ಚುಕಟ್ಟಾಗಿ ಮಡಚಿ ಇಟ್ಟಿದ್ದ.

ಈ ವರ್ಷ ಶುಭ ಶುಕ್ರವಾರಕ್ಕೆ ನಾಲ್ಕು ದಿನ ಇರುವಾಗ ಉಮೇಶ ಮತ್ತೆ ಕೆಲಸ ಕೇಳಿಕೊಂಡು ಆಫೀಸಿಗೆ ಬಂದ. "ಬೀದಿ ಮುಳುಗಿಸಿದೋನ ಕೈಗೆ ಮತ್ತೆ ಕೀ ಕೊಡ್ಲಾ?" ಎಂದ ಗುತ್ತಿಗೆದಾರ. ಅಲ್ಲೇ ಇದ್ದ ಚೌರಪ್ಪ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದ. ಸಂಜೆ ಚರ್ಚಿಗೆ ಹೋಗಿ ಎಲ್ಲ ಕಕ್ಕಿದ. ಅಲ್ಲಿಂದ ನೇರ ಟೀ ಅಂಗಡಿಗೆ ಬಂದು ನನ್ನ ಮುಂದೆ ಪಾದ್ರಿಗಳ ಮೇಲೆ ದೂರು ಹೇಳಿದ.

"ಪ್ರಾಯಶ್ಚಿತ್ತಕ್ಕೆ ಮೂರು ಜಪಸರ ಅಂದಿದ್ರೆ ಆರು ಹೇಳ್ತಿದ್ದೆ ಕಣ್ರೀ. ಆಫೀಸಲ್ಲಿ ನಿಜ ಹೇಳ್ತೀನಿ ಅಂತ ಒಪ್ಕೊಳ್ಳಿ, ಆಮೇಲೆ ಪಾಪವಿಮೋಚನೆ ಅಂತಾರೆ. ಯೇಸುಸ್ವಾಮಿ ಎಲ್ಲರ ಪಾಪಕ್ಕೂ ಸತ್ತಾಗಿದೆ, ನಂದೊಂದು ಬಿಟ್ಟೋಯ್ತಾ ಅಂತ ಕೇಳ್ದೆ."

"ಏನಂದ್ರು?"

"ಪಾಪ ತಾನಾಗೇ ಆರಿಹೋಗಲ್ಲ ಚೌರಪ್ಪನವರೇ, ಯಾರಾದ್ರೂ ಹೊರಲೇಬೇಕು. ಮನುಷ್ಯನ ಕೈಲಿ ಆಗಲ್ಲ ಅಂತ್ಲೇ ದೇವರ ಮಗ ಬಂದು ಹೊತ್ತ. ನೀವು ಆತನ ಮುಂದೆ ಇಡದೆ ಉಮೇಶನಿಗೆ ಹೊರಿಸಿದೀರಿ, ಮೊದ್ಲು ಅವನ ತಲೆಯಿಂದ ಇಳಿಸಿ ಅಂದ್ರು."

ಕ್ಷಮೆ ಎಂದರೆ ದೇವರು 'ಹೋಗ್ಲಿ ಬಿಡು' ಎಂದು ಆಕಳಿಸುವುದು ಅಂದುಕೊಂಡವರಿಗೆ ಶಿಲುಬೆ ಯಾಕೆ ಬೇಕಾಯಿತೆಂದು ತಿಳಿಯುವುದಿಲ್ಲ. ಹಾಗೆ ಬಿಟ್ಟರೆ ಮುರಿದ ಕಾಲಿಗೆ ಜವಾಬು ಹೇಳುವವರು ಯಾರು? ಒಬ್ಬ ನಿರಪರಾಧಿ ತಾನಾಗಿ ಒಪ್ಪಿ ಹೊತ್ತ. ಇನ್ನೊಬ್ಬ ನಿರಪರಾಧಿಯನ್ನು ಯಾರೂ ಕೇಳಲೇ ಇಲ್ಲ. ಇಬ್ಬರ ನೆರಳಲ್ಲೂ ಚೌರಪ್ಪ ಆರಾಮವಾಗಿದ್ದ.

ಗುರುವಾರ ಬೆಳಿಗ್ಗೆ ಹೆಂಡತಿ ಮರಿಯಮ್ಮನ ಮುಂದೆ ಕೊನೆಯ ದಾಳ ಎಸೆದ. "ಪೆನ್ಷನ್‌ಗೆ ಎರಡೇ ವರ್ಷ ಇದೆ ಕಣೇ."

"ಹೌದ್ರೀ, ಯೇಸುಸ್ವಾಮೀನ ಶಿಲುಬೆಗೆ ಒಪ್ಪಿಸಿದ ಪಿಲಾತನೂ ಕೆಲ್ಸ ಉಳಿಸ್ಕೊಳ್ಳೋಕೇ ಕೈ ತೊಳ್ಕೊಂಡಿದ್ದು," ಎಂದಳು ಆಕೆ. "ಅವನಿಗೂ ನಿಮ್ಮ ಹಂಗೆ ನೀರಿಗೇನೂ ಬರ ಇರ್ಲಿಲ್ಲ."

ಚೌರಪ್ಪ ತಿಂಡಿ ತಿನ್ನದೆ ಆಫೀಸಿಗೆ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟ. ಇಂಜಿನಿಯರ್‌ಗೆ ಕಿರಿಕಿರಿ. "ಯಾರೂ ಕೇಳ್ತಿಲ್ವಲ್ರೀ, ಈಗ್ಯಾಕೆ?"

"ಉಮೇಶ ಬಂದು ಕೇಳ್ದ ಸಾರ್. ನಾನು ಸುಮ್ನಿದ್ದೆ."

ಕೀ ವಾಪಸ್ ತೆಗೆದುಕೊಂಡು ಸಸ್ಪೆಂಡ್ ಮಾಡಿದರು. ಬರೆದದ್ದರ ಜೆರಾಕ್ಸ್ ಹಿಡಿದು ಅವನು ಸಂಜಯನಗರಕ್ಕೆ ಹೋದ. ಅಲ್ಲೊಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದ ಉಮೇಶ ಅದನ್ನು ಎರಡು ಸಲ ಓದಿದ.

"ಕ್ಷಮಿಸ್ತೀಯಾ ಉಮೇಶ?"

"ಅದು ಆಮೇಲೆ. ಆಯಮ್ಮನ ಕಾಲು ಮುರಿದೋನು ನಾನೇ ಅಂತ ನಮ್ಮಮ್ಮ ಇವತ್ತಿಗೂ ನಂಬವ್ಳೆ. ನಾನ್ ಹೇಳಿದ್ರೆ ಕೇಳಲ್ಲ. ನೀವೇ ಬಂದು ಹೇಳಿ ಅಣ್ಣಾ. ನನ್ ಡ್ಯೂಟಿ ಎರಡು ಗಂಟೆಗೆ ಮುಗೀತದೆ."

ಗಂಟೆ ಆಗ ಹನ್ನೊಂದೂವರೆ. ಚೌರಪ್ಪ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತ.