ಅದುರಿದ್ದು ನೆಲವೋ ನಾನೋ

ಸ್ಟೀಲ್ ಲೋಟದ ಅಂಚಿನವರೆಗೂ ಬಿಸಿ ಕಾಫಿ ತುಂಬಿಕೊಂಡು, ಮನಸ್ಸಿಗೆ ಹಿಡಿಸಿದವರೊಬ್ಬರಿಗೆ ಕೊಡಲು ಅಡುಗೆಮನೆಯಿಂದ ಕೊಟ್ಟಿಗೆಯವರೆಗೆ ನಡೆದು ನೋಡಿ. ನಡುಕಕ್ಕೆ ಕನ್ನಡದಲ್ಲಿ ಇಷ್ಟೊಂದು ಮಾತುಗಳು ಏಕೆ ಬೇಕಾದವೆಂದು ತಾನಾಗಿ ತಿಳಿಯುತ್ತದೆ. ಕಾಫಿ ತುಳುಕುತ್ತದೆ, ಬೆರಳು ಅದುರುತ್ತದೆ, ಎದೆ ಡವಗುಟ್ಟುತ್ತದೆ, ಮೊಣಕಾಲು ಯಾರ ಮಾತನ್ನೂ ಕೇಳದೆ ತನ್ನಷ್ಟಕ್ಕೆ ಕುಣಿಯತೊಡಗುತ್ತದೆ.

ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ಮಾತುಗಳೆಂದರೆ ಹುಚ್ಚು. ಚಳಿಗೂ ಭಯಕ್ಕೂ ನಡುಗುತ್ತೇವೆ, ಸಡಿಲವಾದ ಹಲ್ಲು ಅಲುಗುತ್ತದೆ, ಕಾಳು ತುಂಬಿದ ತೆನೆ ತೊನೆಯುತ್ತದೆ. ಸಂಸ್ಕೃತದಿಂದ ಬಂದ ‘ಕಂಪ’ಕ್ಕೆ ಒಂದು ಕೊಂಬು ಹಚ್ಚಿದರೆ ಅಚ್ಚಕನ್ನಡದ ‘ಕಂಪು’. ಭೂಕಂಪದ ಪಕ್ಕದಲ್ಲೇ ಕಾಫಿ ಹೂವಿನ ಪರಿಮಳ! ಅತ್ತಿತ್ತ ತೂಗುವುದಕ್ಕೆ ಹಳೆಯವರು ‘ಒಲೆ’ ಎನ್ನುತ್ತಿದ್ದರು, ಪ್ರೀತಿಗೆ ‘ಒಲವು’ ಎಂದರು. ಇವೆರಡಕ್ಕೂ ನಂಟಿದೆ ಎಂದರೆ ಭಾಷಾಶಾಸ್ತ್ರ ಬಲ್ಲವರು ನಕ್ಕಾರು. ನಗಲಿ. ಅವರು ಆ ಕೊಟ್ಟಿಗೆಯಲ್ಲಿ ಇರಲಿಲ್ಲ.

ಕೊಟ್ಟಿಗೆ ಕರಿಕೆಯಲ್ಲಿರುವ ನನ್ನ ಅಕ್ಕನದು. ಕಾಫಿ ಅಲ್ಲಿಯ ಪಶುವೈದ್ಯರಾಗಿದ್ದ ಮಾಧವನ್ ಅವರಿಗೆ. ನನ್ನಂತೆಯೇ ನಲವತ್ತು ದಾಟಿಯೂ ಒಂಟಿಯಾಗಿದ್ದವರು. ಅವರ ಮನೆಮಾತು ಮಲಯಾಳ, ನಮ್ಮದು ‘ಇದೆ’ಗೆ ‘ಉಟ್ಟು’, ‘ಹೋಗಬೇಕು’ಗೆ ‘ಹೋಕು’ ಎನ್ನುವ ಕೊಡಗಿನ ಅರೆಭಾಷೆ. ನಾವಿಬ್ಬರೂ ಮಾತಾಡುವುದು ಪೇಟೆಯ ಕನ್ನಡದಲ್ಲಿ, ಅದೂ ದನಗಳ ಯೋಗಕ್ಷೇಮದ ಬಗ್ಗೆ ಮಾತ್ರ. ರಜೆ ಸಿಕ್ಕಾಗಲೆಲ್ಲ ನಾನು ಕರಿಕೆಗೆ ಓಡುತ್ತಿದ್ದದ್ದು ದನಗಳ ಮೇಲಿನ ಮಮತೆಯಿಂದಲೇ ಎಂದು ಅಕ್ಕ ನಂಬಿದ್ದಳು. ಈಗ ಅವರಿಗೆ ಬೀದರಿಗೆ ವರ್ಗವಾಗಿತ್ತು. ಮರುದಿನ ಹೊರಡುವವರು, ಹೊಸದಾಗಿ ಹುಟ್ಟಿದ್ದ ಕರುವನ್ನು ಕೊನೆಯದಾಗಿ ನೋಡಲು ಬಂದಿದ್ದರು.

“ಕರು ಹೇಗಿದೆ ಡಾಕ್ಟ್ರೇ?” ಎಂದೆ.

“ಗಟ್ಟಿಯಾಗಿದೆ ಮೇಡಂ. ಇನ್ನು ನನ್ನ ಅಗತ್ಯ ಇಲ್ಲ.”

ಇದೆ ಎಂದು ಹೇಳಬೇಕೆನಿಸಿತು. ಬಾಯಿ ತೆರೆಯುವ ಮೊದಲೇ ಕಾಫಿ ಅವರ ಶೂ ಮೇಲೆ ಚೆಲ್ಲಿತು. ಮೈಯೆಲ್ಲ ಬಿಸಿಯೇರಿತು, ಈ ವಯಸ್ಸಿನಲ್ಲಿ ಇದೆಂಥ ನಡುಕ! ಆದರೆ ನೆತ್ತಿಯ ಮೇಲೆ ಹೆಂಚುಗಳೂ ಕಟಕಟ ಎಂದವು. ನೆಲದಡಿಯಲ್ಲಿ ಲಾರಿ ಹೋದಂತೆ ಗುಡುಗು. ಅಕ್ಕ ಅಡುಗೆಮನೆಯಿಂದ ಓಡುತ್ತಾ ಕೂಗಿದಳು: “ಭೂಮಿ ನಡುಗ್ತಾ ಉಟ್ಟು! ಅಂಗಳಕ್ಕೆ ಬನ್ನಿ!”

ಮಾಧವನ್ ನನ್ನ ಕೈ ಹಿಡಿದು ಹೊರಗೆಳೆದರು. ಮರುಗಳಿಗೆಯೇ ಬಿಟ್ಟು, ಹಸುವಿನ ಹಗ್ಗ ಬಿಚ್ಚಲು ಮತ್ತೆ ಒಳಗೆ ನುಗ್ಗಿದರು. ಅವರ ಹಿಂದೆ ನಾನು. ಹೆದರಿಕೆಯಾಗಲಿಲ್ಲವೇ ಎಂದು ಕೇಳಬೇಡಿ, ಹೆದರಲು ಪುರುಸೊತ್ತಿರಲಿಲ್ಲ. ಅವರು ಹಸುವನ್ನು ಅಟ್ಟಿಕೊಂಡು ಬಂದರು, ನಾನು ಕರುವನ್ನು ಎದೆಗವಚಿಕೊಂಡು ಬಂದೆ. ಅಂಗಳ ಮುಟ್ಟುವಷ್ಟರಲ್ಲಿ ನೆಲ ಸುಮ್ಮನಾಗಿತ್ತು. ಮೂಲೆಯ ಹೆಂಚೊಂದು ಜಾರಿ ಒಡೆದದ್ದು ಬಿಟ್ಟರೆ ಮನೆಗೆ ಏನೂ ಆಗಿರಲಿಲ್ಲ.

ಅಕ್ಕ ನನ್ನನ್ನೇ ನೋಡಿದಳು. “ಭೂಮಿ ನಿಂತಾತಲ್ಲ. ನಿನ್ನ ಕೈ ಎಂತಕೆ ಇನ್ನೂ ನಡುಗ್ತಾ ಉಟ್ಟು?”

“ಅದು ನನ್ನ ಕೈ,” ಎಂದರು ಮಾಧವನ್.

ನೋಡಿದರೆ ನಿಜ. ಕರುವಿನ ಬೆನ್ನ ಮೇಲೆ ನನ್ನ ಕೈಯನ್ನು ಮತ್ತೆ ಯಾವಾಗಲೋ ಹಿಡಿದುಕೊಂಡಿದ್ದರು. ನನಗೆ ನಗು ಒತ್ತರಿಸಿ ಬಂತು, ಅವರಿಗೂ ಬಂತು. ಏನು ಕೇಳಬೇಕೆಂದು ತೋಚದೆ, “ನಿಮ್ಮಲ್ಲಿ ಇದಕ್ಕೆ ಏನಂತಾರೆ?” ಎಂದೆ, ತರಗತಿಯಲ್ಲಿ ಕೇಳಿದ ಹಾಗೆ.

“ನಡುಕ್ಕಂ.”

ನಡುಕ, ನಡುಕ್ಕಂ! ಒಂದೇ ತಾಯಿಬೇರಿನಿಂದ ಒಡೆದು, ಒಂದು ಘಟ್ಟದ ಮೇಲೂ ಇನ್ನೊಂದು ಕೆಳಗೂ ಬೆಳೆದ ಮಾತುಗಳು. ಇದನ್ನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಮೈಯಲ್ಲಿ ಓದಿಕೊಂಡದ್ದು ಅಂದೇ. ಎಲ್ಲಿಂದ ಬಂತೋ ಧೈರ್ಯ, ಕೇಳಿಯೇಬಿಟ್ಟೆ: “ಬೀದರಿಗೆ ನಾನೂ ಬರ್ಲಾ?”

“ಬನ್ನಿ,” ಎಂದರು. ಆಮೇಲೆ, ಆ ಮಾತು ಸಾಲದೆನಿಸಿತೋ ಏನೋ, “ನಾನೇ ಕೇಳ್ಬೇಕಂತಿದ್ದೆ. ಇಡೀ ವರ್ಷ ನಾಲಿಗೇನೇ ಏಳ್ಲಿಲ್ಲ,” ಎಂದರು.

ಅಕ್ಕನ ಮುಖ ಗಂಟಿಕ್ಕಿತು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳು. ಬೇರೆ ಭಾಷೆ, ಬೇರೆ ಜನ, ನಾಳೆ ನೆಂಟರಿಗೆ ಏನು ಹೇಳುವುದು ಎಂಬುದೆಲ್ಲ ಅವಳ ಹಣೆಯ ಮೇಲೆ ಒಂದೊಂದಾಗಿ ಹಾದುಹೋಯಿತು. ಅವಳು ಒಲ್ಲೆ ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ, ಇಂದಿಗೂ ಹೇಳಲಾರೆ. ಕರುವನ್ನು ನೋಡಿದಳು, ನಮ್ಮನ್ನು ನೋಡಿದಳು. ಮತ್ತೆ ನಡುಗಬಹುದೆಂದು ಅಕ್ಕಪಕ್ಕದವರೆಲ್ಲ ಇನ್ನೂ ಅಂಗಳದಲ್ಲೇ ನಿಂತಿದ್ದಾಗ, ಅವಳು ಸೆರಗು ಸಿಕ್ಕಿಸಿಕೊಂಡು ನೇರ ಮನೆಯೊಳಗೆ ನಡೆದಳು. ಒಳಗಿನಿಂದ ಅಕ್ಕಿ ತೊಳೆಯುವ ಸದ್ದಿನೊಡನೆ ಅವಳ ದನಿ ಕೇಳಿತು:

“ಡಾಕ್ಟ್ರೇ, ಊಟ ಮಾಡಿಯೇ ಹೋಕು!”