ಬದು ಇದ್ದ ಜಾಗ

ಗುಬ್ಬಿ ದಾಟಿ ಟೀ ಕುಡಿಯಲು ನಿಂತೆ. ಟೀ ಚೆನ್ನಾಗಿರಲಿಲ್ಲ. ಪಕ್ಕದ ಕೊಯ್ದ ರಾಗಿಹೊಲದಲ್ಲಿ ಹುಡುಗಿಯರ ಫುಟ್‌ಬಾಲ್ ಚೆನ್ನಾಗಿತ್ತು. ಮಕ್ಕಳ ಲೀಗಿಗೆ ವರ್ಷವರ್ಷವೂ ಹೊಸ ಊರುಗಳು ಸೇರಿ ಶಾಲೆ ಮೈದಾನ ಸಾಲುತ್ತಿಲ್ಲವಂತೆ.

"ಇದು ಅಣ್ಣತಮ್ಮಂದಿರ ಹೊಲ ಸಾರ್. ಬದು ವಿಚಾರಕ್ಕೆ ಜಗಳ ಆಡಿ ಇಬ್ರೂ ಮಾತು ಬಿಟ್ಟವ್ರೆ. ಮಕ್ಕಳ ಆಟಕ್ಕೆ ಅಂತ ಬದು ಮಾತ್ರ ಕಿತ್ತಾಕವ್ರೆ," ಎಂದ ಟೀ ಅಂಗಡಿಯವ. ಬದು ಇದ್ದಲ್ಲೇ ಈಗ ಸುಣ್ಣದ ನಡುಗೆರೆ.

ಅಣ್ಣ ತನ್ನ ಭಾಗದಲ್ಲಿ, ಗೋಲು ಕಾಯುವ ಮೊಮ್ಮಗಳ ಹಿಂದೆ ಕುರ್ಚಿ ಹಾಕಿ ಕೂತಿದ್ದರು. ಅರ್ಧ ಆಟ ಮುಗಿದು ಅವಳು ತಮ್ಮನ ಭಾಗದ ಕಡೆ ಹೊರಟಳು.

"ಅಲ್ಲಿಗ್ಯಾಕವ್ವಾ ಹೋಗ್ತೀಯ?"

"ಈಗ ಕಡೆ ಬದ್ಲಾಯಿಸ್ಬೇಕು ತಾತ, ರೂಲ್ಸು."

ತಾತ ಕುರ್ಚಿ ಎತ್ತಿಕೊಂಡು ಗೆರೆಯವರೆಗೆ ಬಂದರು. ಬದು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ, ಕಾಲನ್ನು ಎತ್ತಿ ಆಚೆ ಇಟ್ಟರು.