ತಾಟಿನ ಸುತ್ತ ಎಡಗೈ

ನನ್ನ ತಂಗಿ ಸ್ವಂತ ಕೈಯಿಂದ ಊಟ ಮಾಡುತ್ತಾಳೆಂದು ಸರಕಾರಿ ತಪಾಸಣೆಯ ವರದಿಯಲ್ಲಿ ಬರೆದಿತ್ತು. ನಾನು ನಂಬಲಿಲ್ಲ. ಅವಳದು ಮೂರು ವರ್ಷದ ಮಗುವಿನ ಬುದ್ಧಿ ಎಂದು ಮಿರಜಿನ ಡಾಕ್ಟರು ಹೇಳಿದ್ದನ್ನೇ ನಾನು ಪೂರ್ತಿ ಒಪ್ಪಿದವನಲ್ಲ. ಆದರೆ ತುತ್ತಿನ ವಿಷಯ ನನಗೆ ಗೊತ್ತು. ತಾಯಿ ತೀರಿದಂದಿನಿಂದ ನಲವತ್ತು ವರ್ಷ ಅವಳಿಗೆ ಉಣಿಸಿದವನು ನಾನು.

ನನ್ನ ಕೈ ನಡುಗತೊಡಗಿದ ಮೇಲೆ, ಸರಕಾರದ ಅನುದಾನದಿಂದ ಅಂಥ ಹೆಂಗಸರಿಗಾಗಿ ನಡೆಯುವ ವಸತಿಗೃಹದಲ್ಲಿ ಅವಳನ್ನು ಬಿಟ್ಟಿದ್ದೆ. ಅಲ್ಲಿನ ವರದಿಗೆ ಪಾಲಕರ ಪರವಾಗಿ ಒಬ್ಬರು ಸಹಿ ಹಾಕಬೇಕು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಸಾಂಗಲಿಯ ಅರಿಸಿನ ಪೇಟೆಯಲ್ಲಿ ಕುಳಿತೇ ಕಾಯಿದೆ ಪುಸ್ತಕ ಓದಿಕೊಂಡವನೆಂದು ಉಳಿದ ಪಾಲಕರು ಆ ಕೆಲಸವನ್ನು ನನಗೆ ಹಚ್ಚಿದ್ದರು. ಕಾಣದ್ದಕ್ಕೆ ಸಹಿ ಹಾಕುವುದಿಲ್ಲವೆಂದು ಹಟ ಹಿಡಿದು ಊಟದ ಹೊತ್ತಿಗೆ ಹೋದೆ.

ನನ್ನನ್ನು ಕಂಡವಳೇ ತಂಗಿ ತಾಟಿನ ಮುಂದೆ ಬಾಯಿ ತೆರೆದು ಕುಳಿತಳು.

"ಇದೇನ್ರಿ ಸ್ವಂತ ಕೈ?" ಎಂದೆ.

ಮೇಲ್ವಿಚಾರಕಿ ನಕ್ಕರು. "ಕಾಕಾ, ನೀವ್ ಬಂದ್ರಂದ್ರ ಆಕಿ ರಾಣಿ ಆಗ್ತಾಳ್ರಿ. ಆ ಖಿಡಕಿ ಹಿಂದ ಹೋಗಿ ನಿಂದರ್ರಿ. ಕೆಮ್ಮಬ್ಯಾಡ್ರಿ ಮತ್ತ."

ನಿಂತೆ. ತಂಗಿ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ ಬಾಯಿ ಮುಚ್ಚಿದಳು. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಚೆಲ್ಲದೆ ಉಂಡಳು. ಇಷ್ಟು ವರ್ಷ ನಾನು ಅವಳಿಗೆ ಮಾಡಿದ್ದು ಉಪಕಾರವೋ ಅಡ್ಡಿಯೋ ತಿಳಿಯದಾಯಿತು. ಆಗ ಅವಳ ಎಡಗೈ ಕಂಡಿತು. ಅದು ತಾಟನ್ನು ಸುತ್ತುವರಿದು ಎದೆಗೆ ಒತ್ತಿ ಹಿಡಿದಿತ್ತು. ಬೆನ್ನ ಹಿಂದೆ ಯಾರಾದರೂ ಹಾದುಹೋದರೆ ಬಲಗೈ ಬಾಯಿಗೆ ಇನ್ನೂ ಬೇಗ ಓಡುತ್ತಿತ್ತು.

ಅಲ್ಲಿ ಎಲ್ಲರೂ ಮಾವಶಿ ಎಂದು ಕರೆಯುವ, ಬಡಿಸುತ್ತಿದ್ದ ಆಯಾಳನ್ನು ಕೇಳಿದೆ. "ಬಾಜೂದಾಕಿ ಕಸಗೋತಾಳ್ರಿ ಅಜ್ಜಾ, ಅದಕ್ಕ" ಎಂದಳು. ಆದರೆ ಪಕ್ಕದಲ್ಲಿ ಕುಳಿತವಳಿಗೆ ಎರಡೂ ಕೈ ಏಳುತ್ತಿರಲಿಲ್ಲ; ಅವಳಿಗೆ ಮಾವಶಿಯೇ ಉಣಿಸುತ್ತಿದ್ದಳು. ಮೇಲ್ವಿಚಾರಕಿ ಬೇರೆಯೇ ಹೇಳಿದರು: "ಮನಿಯಿಂದ ಬಂದ ರೂಢಿ ಅದು ಕಾಕಾ. ನಿಮಗ ಗೊತ್ತಿರಬೇಕಲ್ಲ?"

ಗೊತ್ತಿರಲಿಲ್ಲ. ಮನೆಯಲ್ಲಿ ಅವಳ ಮುಂದೆ ತಾಟು ಇಟ್ಟದ್ದೇ ಇಲ್ಲ; ಅದು ಸದಾ ನನ್ನ ಕೈಯಲ್ಲಿರುತ್ತಿತ್ತು. ತಾಯಿಯ ಕಾಲದಲ್ಲಿ ಹೇಗಿತ್ತೋ ನೆನಪಿಲ್ಲ. ತಂಗಿಯನ್ನೇ ಕೇಳಿದೆ. ಅವಳು ನನ್ನ ಗಲ್ಲ ಮುಟ್ಟಿ ಮತ್ತೆ ಬಾಯಿ ತೆರೆದಳು.

"ಖರೇನ ಉಣ್ತಾಳ, ನೀವ ನೋಡಿದ್ರಿ. ಸಹಿ ಹಾಕ್ರಿ ಇನ್ನ" ಎಂದು ಮೇಲ್ವಿಚಾರಕಿ ಪೆನ್ನು ಕೊಟ್ಟರು. ವರದಿಯಲ್ಲಿ ಎಡಗೈಗೆ ಕಾಲಂ ಇರಲಿಲ್ಲ. ಬರೆದದ್ದು ಸುಳ್ಳಲ್ಲ, ಹಾಗೆಂದು ನಿಜವೆನ್ನಲು ನನಗೆ ಧೈರ್ಯವಾಗಲಿಲ್ಲ. ಸಹಿ ಹಾಕದೆ, ಅಂಚಿನಲ್ಲಿ ನಡುಗುವ ಮರಾಠಿ ಅಕ್ಷರಗಳಲ್ಲಿ ಬರೆದೆ: ಇವಳ ಎಡಗೈ ತಾಟನ್ನು ಯಾರಿಂದ ಕಾಯುತ್ತಿದೆ?

ಉತ್ತರ ಬಂದಿಲ್ಲ. ಅವಳನ್ನು ಮನೆಗೆ ಕರೆತರೋಣವೆಂದರೆ ನನ್ನ ಕೈಯಲ್ಲಿ ತುತ್ತು ನಿಲ್ಲುವುದಿಲ್ಲ. ಪ್ರತಿ ಗುರುವಾರ ಹೋಗಿ ಆ ಕಿಟಕಿಯ ಹಿಂದೆ ನಿಲ್ಲುತ್ತೇನೆ. ಎಡಗೈ ಕೆಲವು ವಾರ ತಾಟನ್ನು ಸುತ್ತಿರುತ್ತದೆ, ಕೆಲವು ವಾರ ಸುಮ್ಮನೆ ತೊಡೆಯ ಮೇಲಿರುತ್ತದೆ. ಯಾವ ವಾರ ಯಾರು ಬಡಿಸಿದರೆಂಬುದನ್ನು ಈಗ ಬರೆದಿಟ್ಟುಕೊಳ್ಳುತ್ತಿದ್ದೇನೆ.